ಬಜೆಯಲ್ಲ

ಹಂಚಿನ ಕಾರ್ಖಾನೆಗೆ ಮಣ್ಣು ಕೊಟ್ಟು ಕೊಟ್ಟು
ಕೊನೆಗೆ ಹೊಂಡವಾಗಿ ಉಳಿದ ಜಾಗ ನನ್ನದು,
ಮರವೂರಿನ ಹೊಳೆಯಿಂದ ಎರಡು ಗದ್ದೆ ಈಚೆ.
ಕಾರ್ಖಾನೆ ಮುಚ್ಚಿತು. ನೀರು ಮಾತ್ರ ರಜೆ ಹಾಕಲಿಲ್ಲ.

ಅದರ ಅಂಚಿಗೆ ಐರಿಸ್ ಇಟ್ಟೆ, ಮೂರು ವರ್ಷದ ಹಿಂದೆ.
ಕೂನೂರಿನಿಂದ ಬಸ್ಸಿನಲ್ಲಿ ಬಂದ ಗೆಡ್ಡೆ,
ಒದ್ದೆ ಪೇಪರಿನಲ್ಲಿ ಸುತ್ತಿದ್ದು, ಶುಂಠಿಯಂತೆ ಗಂಟುಗಂಟು.
ಬೇರು ಕೆಸರಿಗೆ, ಬೆನ್ನು ಬೆಳಕಿಗೆ,
ಎಮ್ಮೆ ಮಲಗಿದ ಹಾಗೆ ಇಡಬೇಕು. ಮುಳುಗಿಸಿದರೆ ಕೊಳೆಯಿತು.
ಮೇ ತಿಂಗಳಲ್ಲಿ ಬಾವಿಯ ನೀರು ಹೊತ್ತು ಹೊಂಡಕ್ಕೇ ಸುರಿದೆ,
ನೋಡಿದವರು ನಕ್ಕರು.
ಹೂವಿಲ್ಲ. ಎಲೆ, ಎಲೆ, ಬರೀ ಎಲೆ.

ಪಕ್ಕದಲ್ಲೇ ಬಜೆಯೂ ಇತ್ತು, ಅತ್ತೆ ನೆಟ್ಟದ್ದು.
ಕಳೆದ ಆಟಿಯ ಮಳೆಗೆ ಹೊಂಡ ತುಂಬಿ ಹರಿದು
ನಾನು ಚುಚ್ಚಿದ ಐಸ್‌ಕ್ರೀಮ್ ಕಡ್ಡಿಗಳ ಹೆಸರು ತೊಳೆದುಹೋಗಿ
ಎರಡೂ ಒಂದರೊಳಗೊಂದು ನುಗ್ಗಿಕೊಂಡವು.
ಅದೇ ಕತ್ತಿ ಎಲೆ, ಅದೇ ಹಸಿರು.

ಜನವರಿಯ ಒಂದು ರಾತ್ರಿ, ಹನ್ನೊಂದಕ್ಕೆ, ಅಪ್ಪಿ ಪೂಜಾರ್ತಿ
ಬಾಗಿಲು ಬಡಿದರು. "ಟೀಚರ್, ಬಜೆ ಉಂಟಾ?
ಮಗು ಸಂಜೆಯಿಂದ ಕಾಲು ಮಡಚಿ ಮಡಚಿ ಕೂಗ್ತಾ ಉಂಟು.
ಹೊಕ್ಕುಳ ಸುತ್ತ ಹಚ್ಚಲಿಕ್ಕೆ."
ಐರಿಸ್ ಗೆಡ್ಡೆ ವಿಷ ಅಂತ ಓದಿದ್ದೆ. ಹೇಳಿದೆ.
"ಹಾಗಾದ್ರೆ ಮೂಸುವ," ಅಂದರು.

ಟಾರ್ಚು ನನ್ನ ಬಾಯಲ್ಲಿ. ಸೀರೆ ಮೊಣಕಾಲಿಗೆ.
ಒಂದೊಂದೇ ಎಲೆ ಮುರಿದು, ಹೊಸಕಿ, ಮೂಗಿಗೆ ಹಿಡಿದು
"ಅಲ್ಲ." ಮುಂದೆ. "ಅಲ್ಲ."
"ಇದಕ್ಕೆ ವಾಸನೆಯೇ ಇಲ್ಲ ಮಾರಾಯ್ರೆ,
ಮತ್ತೆ ಯಾಕೆ ಸಾಕುದು?"
ನನ್ನಲ್ಲಿ ಉತ್ತರ ಇರಲಿಲ್ಲ; ಬಾಯಲ್ಲಿ ಟಾರ್ಚೂ ಇತ್ತು.

ಇಪ್ಪತ್ತನೆಯದೋ ಮೂವತ್ತನೆಯದೋ ಎಲೆ,
ಒಮ್ಮೆಲೇ ಘಮ್ಮೆಂದಿತು ಬಾಣಂತಿ ಕೋಣೆ,
ಇಬ್ಬರಿಗೂ ಒಟ್ಟಿಗೇ.
ಅಪ್ಪಿ ಕೆಸರಿಗೆ ಕೈ ಹಾಕಿ ಗೆಡ್ಡೆ ಕಿತ್ತು
ತೊಳೆಯದೆಯೇ ಓಡಿದರು.

ಬೆಳಿಗ್ಗೆ ಹೋಗಿ ನೋಡಿದೆ. ಮುರಿದ ಎಲೆಗಳ ನಡುವೆ
ಒಂದು ದಂಟು, ಕಿರುಬೆರಳಷ್ಟು ದಪ್ಪ.
ಎಲೆಯಲ್ಲ ಅದು. ತುದಿಯ ಹಸಿರು ಪೊರೆಯೊಳಗೆ
ಮಡಚಿದ ಕೊಡೆಯಂತೆ ನೇರಳೆ.
ಯಾರು ಮುರಿದದ್ದು? ನನ್ನ ಉಗುರಲ್ಲಿ ಇನ್ನೂ ಹಸಿರು ಇತ್ತು.

ಸ್ಟೀಲ್ ಲೋಟಕ್ಕೆ ನೀರು ಹಾಕಿ ಕಿಟಕಿಯಲ್ಲಿಟ್ಟೆ.
ಮೂರನೆಯ ದಿನ ಒಂದು ಎಸಳು ಕೆಳಗಿಳಿಯಿತು, ಹಳದಿ ಗೀರು ಸಮೇತ.
ಉಳಿದವು ಬಿಡಿಸಿಕೊಳ್ಳಲೇ ಇಲ್ಲ.
ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ಬಂದ ಅಪ್ಪಿ
ಬಗ್ಗಿ ಮೂಸಿ, ಬಹಳ ಹೊತ್ತು ನೋಡಿ,
"ಇಲ್ಲ," ಅಂದರು.
ಮೆಟ್ಟಿಲಿಳಿಯುವಾಗ ಕೇಳಿದರು:
"ನಮ್ಮ ಬಾವಿಕಟ್ಟೆ ಹತ್ರ ನೀರು ನಿಲ್ತದೆ.
ಒಂದು ತುಂಡು ಬದುಕ್ತದಾ?"