ಐದು ಚುಕ್ಕೆ

ಫೆಬ್ರವರಿಯ ಮಂಗಳವಾರ. ಅಡುಗೆಮನೆಯ ಮೇಜಿನ ಮೇಲೆ
ಬೆನ್ನು ಮುರಿದ ಪುಸ್ತಕವೊಂದು ಬೋರಲು ಬಿದ್ದಿದೆ:
ಜೇನು ಸಾಕುವವರ ಕೈಪಿಡಿ, ಸ್ವೆನ್‌ಬೋರ್ಗ್ ಲೈಬ್ರರಿಯ ಮೊಹರು,
ನೂರಾ ಹನ್ನೆರಡನೇ ಪುಟಕ್ಕೆ ಯಾರೋ ಕೋಕೋ ಕುಡಿಸಿದ್ದಾರೆ.
ನಾನು ನಿವೃತ್ತಳಾಗಿ ನಾಲ್ಕು ವರ್ಷ;
ಪುಸ್ತಕಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಗೋಧಿಹಿಟ್ಟಿನ ಸರಿ ಕಾಯಿಸುತ್ತೇನೆ, ಗಂಟಾಗದಂತೆ.
ದಿನಾ ನಾಲ್ಕೂಕಾಲಿಗೆ, ಸರಿ ಹದಕ್ಕೆ ಬರುವಾಗ,
ಕೆಳಮನೆಯ ಆಂಕರ್ ಟ್ರಾಂಬೋನ್ ಎತ್ತುತ್ತಾನೆ.
ಸ್ವರದ ಏಣಿ ಹತ್ತುತ್ತಾನೆ, ಒಂದು, ಎರಡು, ಮೂರು,
ನಾಲ್ಕರಲ್ಲಿ ಕಾಲು ಜಾರುತ್ತದೆ.
ಮತ್ತೆ ಕೆಳಗಿನಿಂದ.
ಕಟ್ಟೆ ಬಿಟ್ಟ ಹಡಗು ಕೂಗುತ್ತದೆ.
ಅದಕ್ಕಿರುವುದು ಒಂದೇ ಸ್ವರ, ತಪ್ಪುವ ಭಯವಿಲ್ಲ.

ಆ ಹೊತ್ತಿಗೆ ನಾನು ರೇಡಿಯೋ ಹಚ್ಚುವುದಿಲ್ಲ.
ತಪ್ಪೇ ಇಲ್ಲದ ಸಂಗೀತಕ್ಕೆ ಕಿವಿಗೊಟ್ಟರೆ ಕೈ ನಿಂತುಬಿಡುತ್ತದೆ;
ಇವನ ಎಡವಾಟಕ್ಕೆ ನನ್ನ ಕುಂಚ ಹೊಂದುತ್ತದೆ.
ಸವರು, ನಿಲ್ಲು, ಸವರು.

ಇವತ್ತು ನಾಲ್ಕೂಕಾಲು ಆಯಿತು, ನಾಲ್ಕೂವರೆಯೂ. ಸದ್ದಿಲ್ಲ.
ಆಮೇಲೆ ಬಾಗಿಲ ಸೀಳಿನಲ್ಲಿ ಏನೋ ತೂರಿದ ಹಾಗೆ,
ಮೆಟ್ಟಿಲ ಮೇಲೆ ಎರಡೆರಡು ಹಾರಿ ಇಳಿದ ಹೆಜ್ಜೆ,
ತಕ್ಷಣ ಕೆಳಗೆ ಟ್ರಾಂಬೋನ್,
ಹಾಲು ಕುಡಿದು ಬಾಯಿ ಒರೆಸಿಕೊಂಡ ಬೆಕ್ಕಿನ ಹಾಗೆ.

ಬಿಡಿಸಿದೆ. ಕತ್ತರಿಯ ಕೆಲಸ.
ಮಡಿಕೆ ಮಡಿಕೆಗೂ ಕಿಂಡಿ, ಅರ್ಧಚಂದ್ರ,
ಮೀನೋ ಎಲೆಯೋ ಹೇಳಲಾಗದ ಒಂದು ಆಕಾರ,
ಅವಸರಕ್ಕೆ ಹರಿದ ಒಂದು ಮೂಲೆ, ಹರಿದದ್ದಕ್ಕೆ ಟೇಪು.
ನಡುವೆ ತಲೆ ತಗ್ಗಿಸಿದ ಬಿಳಿ ಹೂ,
ವಸಂತ ಬಂತೆಂದು ಚಳಿಗಾಲವನ್ನೇ ಏಮಾರಿಸುವ ಹೂ.
ಮತ್ತೆ ಪ್ರಾಸ:
ಕತ್ತರಿ ತಿಂದಿತು ನನ್ನಯ ಹೆಸರ,
ಸೋತರೆ ಮೊಟ್ಟೆ, ಮಾಡು ಅವಸರ.
ಕೆಳಗೆ ಅಕ್ಷರಕ್ಕೊಂದರಂತೆ ಚುಕ್ಕೆ.
ನಮ್ಮ ಕಡೆಯ ಹಳೆಯ ಆಟ. ಯಾರ ಕಾಗದವೆಂದು ಕಂಡುಹಿಡಿದರೆ
ಮೊಟ್ಟೆ ನನಗೆ, ಇಲ್ಲದಿದ್ದರೆ ಈಸ್ಟರ್‌ಗೆ ನಾನೇ ಕೊಡಬೇಕು.

ಚುಕ್ಕೆ ಐದು.

ಒಂದು ಉಸಿರಿನಷ್ಟು ಹೊತ್ತು, ಒಂದೇ ಉಸಿರು,
ಬಿರ್ತೆ ಅಂದುಕೊಂಡೆ.
ನಮ್ಮ ಲಿಪಿಯಲ್ಲಿ ಬರೆದರೆ ಐದಕ್ಷರ, ಕರೆದರೆ ಎರಡೇ ಕೂಗು.
ಅಕ್ಕ. ನಲವತ್ತು ಫೆಬ್ರವರಿ ತಪ್ಪದೆ ಕಳಿಸಿದಳು.
ನಾನು ಪೋಸ್ಟಿನವನ ಹೆಸರು ಹೇಳುತ್ತಿದ್ದೆ, ಹಲ್ಲಿನ ಡಾಕ್ಟರ ಹೆಸರು,
ಒಮ್ಮೆ ಪಾದ್ರಿಯ ನಾಯಿಯ ಹೆಸರು.
ಅವಳು ಮೊಟ್ಟೆಯ ಬೆಳ್ಳಿಕಾಗದ ಸುಲಿಯುತ್ತ
ನಿನಗೆ ಎಣಿಸಲೂ ಬರುವುದಿಲ್ಲವಲ್ಲೇ, ಅನ್ನುತ್ತಿದ್ದಳು.
ಆ ನಲವತ್ತೂ ಅಡುಗೆಪುಸ್ತಕದಲ್ಲಿವೆ, ಹೆರಿಂಗ್ ಮೀನಿನ ಅಧ್ಯಾಯದಲ್ಲಿ.
ಬೆನ್ನು ಉಬ್ಬಿ ಹೊಲಿಗೆ ಬಿಟ್ಟಿದೆ.
ಊರವರ ಪುಸ್ತಕವೆಲ್ಲ ಹೊಲಿದ ನಾನು
ಅದಕ್ಕೆ ಸೂಜಿ ಮುಟ್ಟಿಸಿಲ್ಲ.

ಈ ಕಾಗದವನ್ನು ಕಿಟಕಿಗೆ ಹಿಡಿದೆ.
ಬೆನ್ನಲ್ಲಿ ಐದೈದು ಗೆರೆ, ಸ್ವರಗಳ ಕಪ್ಪು ತಲೆಗಳು,
ಎಣ್ಣೆಯ ಹೆಬ್ಬೆರಳ ಗುರುತು.
ಕಳ್ಳ, ಪಾಠದ ಹಾಳೆಯನ್ನೇ ಕತ್ತರಿಸಿದ್ದಾನೆ.
ಕತ್ತರಿಸಿದ್ದೂ ಎಲ್ಲಿ?
ಏಣಿಯ ನಾಲ್ಕನೆಯ ಮೆಟ್ಟಿಲು ಇರಬೇಕಾದಲ್ಲಿ ಕಿಂಡಿ,
ಕಿಂಡಿಯಾಚೆ ಹಡಗಿನ ದೀಪ.
ಕಿವಿಗೊಟ್ಟೆ: ಒಂದು, ಎರಡು, ಮೂರು, ಐದು.
ಎಷ್ಟು ಸಲೀಸು!

ನಾಳೆ ಮೆಟ್ಟಿಲ ಬಳಿ ಬೂಟಿನ ದಾರ ಕಟ್ಟುವ ನೆಪದಲ್ಲಿ
ಅವನು ನಿಂತಿರುತ್ತಾನೆ, ಕಿವಿ ಕೆಂಪಾಗಿ.
ಕಾಗದ ಬಂದಿದೆ ಕಣೋ, ಅನ್ನುತ್ತೇನೆ,
ಮೂರನೇ ಮಹಡಿಯ ಬೋದಿಲ್‌ಳದೇ ಇರಬೇಕು,
ಐದಕ್ಷರ, ಎಣಿಸಿ ನೋಡಿದೆ.

ಒಲೆಯ ಮೇಲೆ ಸರಿ ಗಂಟುಕಟ್ಟಿದೆ.
ಇನ್ನೊಮ್ಮೆ ಕಾಯಿಸಬೇಕು, ಈ ಸಲ ತುಸು ಜಾಸ್ತಿ.
ಸೂಜಿ ಎಲ್ಲಿಟ್ಟೆ?