ಬಾಕಿ

ಪಾದದ ಒತ್ತಡ ಅಳೆಯುವ ಚಾಪೆ ಕೆಟ್ಟು ಮೂರು ತಿಂಗಳಾಯಿತು,
ರಿಪೇರಿಯವನು ಹುಬ್ಬಳ್ಳಿಯಿಂದ ಬರಬೇಕಂತೆ.
ಹಾಗಾಗಿ ದುರ್ಗಿಗುಡಿಯ ಪ್ರೆಸ್ಸಿನಿಂದ ತಂದ
ಸುರುಳಿ ಕಾಗದ ಬಾಗಿಲವರೆಗೂ ಹಾಸಿ
ತಟ್ಟೆಯಲ್ಲಿ ಬಟ್ಟೆಗೆ ಹಾಕುವ ನೀಲಿ ಕದಡಿ
'ಅಂಗಾಲು ಅದ್ದಿ ನಡೀರಿ' ಅಂದೆ.

ಗುತ್ಯಪ್ಪ, ಅರವತ್ತಮೂರು.
ಇಪ್ಪತ್ತೆಂಟು ವರ್ಷ ಶಿವಮೊಗ್ಗ, ಹೊಸನಗರ, ಕುಂದಾಪುರ,
ಕಂಡಕ್ಟರು.
'ಹೆಂಗೆ ನಡೀಲಿ?'
'ಯಾವಾಗಲೂ ನಡೆದ ಹಾಗೆ.'
'ಯಾವಾಗಲೂ ನಡೀತಿದ್ದುದು ಬಸ್ಸು ಮೇಡಮ್,
ನಾನು ಒಳಗೆ ನಿಂತಿರ್ತಿದ್ದೆ.'

ಕುರ್ಚಿಯವರೆಗೆ ಹತ್ತು ಹೆಜ್ಜೆ.
ಮಂಡಿಯೂರಿ ಟೇಪು ಹಿಡಿದೆ, ಹಿಮ್ಮಡಿಯಿಂದ ಹಿಮ್ಮಡಿಗೆ:
ಎಡ ಅರವತ್ತೊಂದು, ಬಲ ಐವತ್ತನಾಲ್ಕು,
ಎಡ ಅರವತ್ತೊಂದು, ಬಲ ಮತ್ತೆ ಐವತ್ತನಾಲ್ಕು,
ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ ಹಾಗೆ
ಗುರು ಲಘು ಗುರು ಲಘು
ಯತಿ ಎಲ್ಲೂ ಇಲ್ಲ.

ದೊಡ್ಡದರಲ್ಲಿ ಚಿಕ್ಕದು ಕಳೆ,
ಸರಾಸರಿಯಿಂದ ಭಾಗಿಸು, ನೂರರಿಂದ ಗುಣಿಸು.
ನಾನು ಮೊಬೈಲು ತೆಗೆಯುವಷ್ಟರಲ್ಲಿ
ಅವನ ತುಟಿ ಅಲ್ಲಾಡಿ ನಿಂತಿತ್ತು:
'ಹನ್ನೆರಡು, ಮೇಲೆ ಸ್ವಲ್ಪ ಚಿಲ್ಲರೆ.
ಚೀಟಿ ಹಿಂದೆ ಬರ್ಕೊಡಿ,
ಇಳಿಯೋವಾಗ ಇಸ್ಕೊಳ್ತೀನಿ.'

ನಕ್ಕೆವು. ಆಮೇಲೆ ಕೇಳಿದ:
'ತಪ್ಪು ಯಾವ ಕಾಲಿಂದು?'

ಈ ಸೂತ್ರಕ್ಕೆ ಅದು ಗೊತ್ತಿಲ್ಲ.
ದೊಡ್ಡದರಲ್ಲಿ ಚಿಕ್ಕದು ಕಳೆದ ಮೇಲೆ
ಯಾರು ಯಾರಿಗೆ ಕೊಡಬೇಕಿತ್ತು ಅನ್ನುವುದು ಅಳಿಸಿಹೋಗಿ
ಬಾಕಿಯೊಂದೇ ನಿಲ್ಲುತ್ತದೆ.
ಬಲವೆಂದರೆ ತ್ರಾಣ, ಎಡವೆಂದರೆ ಎಡವಟ್ಟು;
ನಮ್ಮ ಮಾತೇ ಒಂದು ಮಗ್ಗುಲಿಗೆ ವಾಲಿದೆ,
ಅದಕ್ಕೆ ನೂರಕ್ಕೆ ಎಷ್ಟು ಹಾಕೋಣ?
'ಬಲಗಾಲು ಕಮ್ಮಿ ಇಡ್ತಿದೀರಿ' ಎಂದಷ್ಟೇ ಹೇಳಿದೆ.
'ಪಾಪ ಅದು' ಅಂದ, ತೊಡೆ ತಟ್ಟಿ,
ಬೇರೆಯವರ ಕಾಲೆಂಬಂತೆ.

ಎದ್ದ. ಎಕ್ಸ್‌ರೇ ಸುತ್ತಿ ತಂದದ್ದು
ಅದೇ ಹಳೇ ತೊಗಲಿನ ಚೀಲದಲ್ಲಿ.
ಎಡ ಹೆಗಲಿಗೆ ಏರಿಸಿದ, ಗಲ್ ಅಂತು.
'ಈಗಲೂ ಚಿಲ್ಲರೆಯಾ?'
'ಇರ್ಲಿ, ಯಾರಾದ್ರೂ ಕೇಳ್ತಾರೆ.'
ಚಪ್ಪಲಿ ಕೈಯಲ್ಲಿ ಹಿಡಿದು, ಪಾದ ಒರೆಸದೆ
ಉಳಿದ ಬಿಳೀ ಕಾಗದದ ಮೇಲೇ ಹೊರಟುಹೋದ.

ಮಾಸಲು ನೀಲಿ. ಐದು ಹೆಜ್ಜೆ.
ಸುಮ್ಮನೆ ಟೇಪು ಇಟ್ಟೆ:
ಐವತ್ತೆಂಟು. ಐವತ್ತೇಳು. ಐವತ್ತೆಂಟು.
ತಪ್ಪಿತೇನೋ ಎಂದು ಇನ್ನೊಮ್ಮೆ ಇಟ್ಟೆ.
ಐವತ್ತೇಳು.

ಹುಲಿಕಲ್ ಘಾಟಿಯ ತಿರುತಿರುವಿನಲ್ಲೂ
ಆ ಚೀಲದ ಎದುರು ವಾಲಿ ವಾಲಿ
ಮೈ ತಾನೇ ಕಟ್ಟಿಕೊಂಡ ಸಮ ಅದು.
ತಕ್ಕಡಿಯ ಒಂದು ತಟ್ಟೆ ಬಿಚ್ಚಿಟ್ಟು
ನಾನು ಮುಳ್ಳನ್ನು ಬೈಯುತ್ತಿದ್ದೆ.

ಹೊರಗೆ ಓಡಿದೆ. ಕಾರಿಡಾರಿನಲ್ಲಿ ಇರಲಿಲ್ಲ.
ಔಷಧಿ ಕ್ಯೂನಲ್ಲೂ.
ಗೇಟಿನಾಚೆ ಸಿಟಿ ಬಸ್ಸೊಂದು ಹೊರಡುತ್ತಿತ್ತು,
ಫುಟ್‌ಬೋರ್ಡಿನಲ್ಲಿ ಯಾರೋ; ಅವನೋ ಅಲ್ಲವೋ.

ವರದಿಯಲ್ಲಿ ಎರಡೇ ಚೌಕ, ಸಹಜ, ಅಸಹಜ.
ಹೆಗಲ ಮೇಲೇನಿತ್ತೆಂದು ಕೇಳುವ ಸಾಲಿಲ್ಲ.
ಪೆನ್ನಿನ ಕ್ಯಾಪು ತೆಗೆದು, ಹಾಕಿ, ತೆಗೆದು
ಕೂತಿದ್ದೆ. ಫಿಲೋಮಿನಾ ಬಂದಳು ನೆಲ ಒರೆಸಲು,
'ಎಂತ ಮಾರಾಯ್ತಿ ಇದು, ನೆಲ ಎಲ್ಲ ನೀಲಿ!'
ಬೈಯುತ್ತಲೇ ಕಾಗದ ಸುತ್ತಿಟ್ಟು
ತುಂಬಿದ ಬಕೆಟ್ಟು ಬಲಗೈಯಲ್ಲೆತ್ತಿ
ಎಡಗೈ ಗಾಳಿಗೆ ಚಾಚಿಕೊಂಡು
ಒಂದು ಹನಿಯೂ ತುಳುಕದೆ ನಡೆದುಹೋದಳು.