ಕೋರ್ ಶಾಪಿನಾಕಿ

ರಾತ್ರಿ ಹನ್ನೊಂದು. ಮಜಗಾವಿಯ ಒಂದೇ ಖೋಲಿ.
ಪರಸ್ಯಾ ಚಾದರದೊಳಗ ಮೊಬೈಲ್ ಹಿಡಿದು
ಜಪಾನದ ಗೊಂಬಿ ಚಿತ್ರ ನೋಡಾಕತ್ತಾನ.
ಮೂರನೇ ಗೇಟ್ ದಾಟಿ ಗೂಡ್ಸ್ ಗಾಡಿ ಹೊಂಟಾಗ
ಗ್ವಾಡಿಗಿ ನಿಲ್ಲಿಸಿದ ತಾಟು ನಡುಗತಾವ,
ಆ ಕಬ್ಬಿಣದಾಕಿ ನಮ್ಮ ಓಣಿಗೇ ಬಂದಂಗ.

ಆಕಿ ಅಂತ ನಾನ ಅಂದೆ. ಅವರು ಅದಕ್ಕ ನಂಬರ್ ಇಟ್ಟಾರ.
ಗುಡ್ಡದಷ್ಟು ಎತ್ತರ. ಮಾರಿ ಇರೂ ಜಾಗಾದಾಗ ಒಂದು ಜಾಳಗಿ.
ಎದಿಗೆ ಬಾಗಲಾ, ಬಾಗಲದೊಳಗ ಸಣ್ಣ ಬೆಳಕು,
ಬೆಳಕಿನಾಗ ಮೊಣಕಾಲ ಮಡಚಿ ಕುಂತ ಹುಡುಗ,
ನಮ್ಮ ಪರಸ್ಯಾನ ವಾರಗಿಯವ.
ಅವ ಕೈ ಎತ್ತಿದರ ಆಕಿ ಕೈ ಎತ್ತಬೇಕು. ಅದು ಕಾಯಿದೆ.

"ಅಕ್ಕಾ, ಈಗ ನೋಡ."
ಹುಡುಗ ಎಚ್ಚರ ತಪ್ಪಿದ. ಆಕಿ ನಿಲ್ಲಲಿಲ್ಲ.
ಜಾಳಗಿ ಹರೀತು. ಒಳಗ ಹಲ್ಲು!
ಕಟ್ಟಿದ ಇಂಜಿನಿಯರಗೂ ಗೊತ್ತಿರಲಿಲ್ಲ
ಆಕಿಗೆ ಹಲ್ಲು ಬಂದಾವಂತ.
ಯಾವ ಪ್ಯಾಟಿ ಉಳಸಾಕ ಕಳಸಿದ್ದರೋ
ಅದೇ ಪ್ಯಾಟಿ ತುಳಕೋತ ಹೋದಳು
ಎದಿಮ್ಯಾಲ ಒಂದು ಕೈ ಮುಚ್ಚಿಕೊಂಡು.

ಪರಸ್ಯಾ ಫೋನ್ ಮಕಾಡೆ ಇಟ್ಟ.
"ಅದು ಅವ್ವನಾ, ದೆವ್ವನಾ?"

ನಾ ಸುಮ್ಮನಾದೆ. ಅವಗ ನೆನಪಾದದ್ದು ನನಗೂ ನೆನಪಾಗಿತ್ತು.
ಹ್ವಾದ ಶ್ರಾವಣ. ಬುತ್ತಿ ಕೊಡಾಕ ಫೌಂಡ್ರಿಗೆ ಬಂದವ
ಫರ್ನೇಸ್ ಹತ್ರ ಹೋದನಂತ ಸೂಪರ್‌ವೈಜರ್
ಕಪಾಳಕ್ಕ ಬಿಗಿದಿದ್ದ.
ಕೋರ್ ಶಾಪಿನಿಂದ ಅವ್ವ ಬಂದಳು,
ಮಾರಿ ತುಂಬ ಕರಿ ಲೇಪ, ಕಣ್ಣು ಹಲ್ಲು ಅಷ್ಟ ಬೆಳ್ಳಗ,
ಕೈಯಾಗ ಕಬ್ಬಿಣದ ಅಚ್ಚಿನ ಅರ್ಧ ತುಂಡು.
ನಾಕ ಮಂದಿ ಗಂಡಸರು ಹಿಡಿದರ, ನಾಕೂ ಮಂದಿ ಬಿದ್ದರು.
ಆಕಿ ಗಂಟಲಿನಿಂದ ಬಂದ ಸಪ್ಪಳ
ಯಾವ ಭಾಷಾದ್ದು ಅಂತ ನನಗ ಇನ್ನೂ ತಿಳಿದಿಲ್ಲ.

ಮನಿಮಟ ಪರಸ್ಯಾ ಆಕಿ ಕೈ ಹಿಡೀಲಿಲ್ಲ.
ಹತ್ತು ಹೆಜ್ಜಿ ಹಿಂದ ನಡದ.
ನಳದಾಗ ಮಾರಿ ತೊಳಕೊಂಡು ಅವ್ವ ಕೇಳಿದ್ದು ಒಂದ ಮಾತು:
"ನೀ ಉಂಡಿ?"

ಸವದತ್ತಿ ಗುಡ್ಡದಾಕಿ ದಿನಾ ಹಸಿ ಉಸುಕಿನಾಗ ಕೊಡ ಮಾಡಿ
ಹಾವು ಸುತ್ತಿ ಸಿಂಬಿ ಮಾಡಿ ನೀರು ತರತಿದ್ದಳಂತ.
ಮಗನ ಕೊಡಲಿಗೆ ಬಿದ್ದು, ಮಗನ ಮಾತಿಗೆ ತಿರುಗಿ ಎದ್ದಾಗ
ರುಂಡ ಒಬ್ಬಾಕಿದು, ಮುಂಡ ಒಬ್ಬಾಕಿದು.
ಆ ಮಗನ ಹೆಸರ ಇವಗ ಇಟ್ಟಾರ.
ಯಾವ ಅರ್ಧಕ್ಕ ಅವ್ವಾ ಅನ್ನಬೇಕಂತ
ಆ ಪರಶುರಾಮಗೂ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ.

ಮಗ್ಗಲಾ ಬದಲಿಸಿ ಅವ್ವ ಎದ್ದಳು. "ಏನೋ ಅದು, ತಾ."
ಫೋನ್ ಕಣ್ಣಿಗೆ ಹತ್ತಿರ ಹಿಡಿದು
ಹಲ್ಲು ನೋಡಲಿಲ್ಲ, ತುಳದ ಪ್ಯಾಟಿ ನೋಡಲಿಲ್ಲ.
"ಎದಿಯಾಗ ಇಷ್ಟು ಟೊಳ್ಳು ಬಿಟ್ಟಾರಲಾ,
ಇದರ ಕೋರ್ ಯಾರು ಮಾಡ್ಯಾರ?"

ನಾವಿಬ್ಬರೂ ನಕ್ಕಿವಿ. ಆಕಿ ನಗಲಿಲ್ಲ.

"ಕಬ್ಬಿಣಕ್ಕ ತಾನಾಗಿ ಟೊಳ್ಳಾಗಾಕ ಬರೂದಿಲ್ಲೋ ಪರಸು.
ಬಿಟ್ಟರ ಗುಂಡಕಲ್ಲಾಗತೈತಿ.
ಟೊಳ್ಳಿನ ಜಾಗಾದಾಗ ಉಸುಕಿನಾಕಿ ಒಬ್ಬಾಕಿ ಕುಂತಿರಬೇಕು,
ಸುತ್ತಲೂ ರಸ ಸುರುವಿದರೂ ಅಲುಗದಂಗ.
ಅದು ಆರಿತು ಅಂದರ
ಆಕಿನ್ನ ಬಡದು ಪುಡಿಮಾಡಿ ಹೊರಗ ಚೆಲ್ಲತಾರ.
ಮಕ್ಕೋರಿ. ನನಗ ಫಸ್ಟ್ ಶಿಫ್ಟ್ ಐತಿ."

ಈಗ ನಾ ಅದೇ ಫೌಂಡ್ರಿಯಾಗ ತಪಾಸಣಿ ಟೇಬಲ್ಲಿಗೆ ಅದೀನಿ.
ನಿನ್ನೆ ಒಂದು ಪಂಪಿನ ಹೊಟ್ಟಿಯೊಳಗ ಬ್ಯಾಟರಿ ಬಿಟ್ಟು ನೋಡಿದರ
ಒಳಗ್ವಾಡಿ ಮ್ಯಾಲ ಉಬ್ಬಿ ನಿಂತಿತ್ತು ಒಂದು ಹೆಬ್ಬಟ್ಟು.
ಹಸಿ ಇದ್ದಾಗ ಯಾರೋ ಎತ್ತಿ ಇಟ್ಟ ಗುರುತು.
ಪಗಾರದ ಪುಸ್ತಕದಾಗ ನಾ ದಿನಾ ನೋಡೂ ಹೆಬ್ಬಟ್ಟು,
ಎಡಕ್ಕ ಸಣ್ಣ ಸುಟ್ಟ ಕಲೆ.

ನಿಯಮದ ಪ್ರಕಾರ ಅದು ದೋಷ.
ಕೈ ಹಾಕಿದೆ, ಮೊಣಕೈಮಟ.
ಕತ್ತಲ. ಇನ್ನೂ ಉಗುರು ಬೆಚ್ಚಗ.
ಯಾವುದೋ ಅಂಚು ಬೆರಳಿಗೆ ಕಚ್ಚಿತು.

ಚೀಟಿಗೆ ರಕ್ತ ಹತ್ತದಂಗ ಹಿಡಿದು
ಪಾಸ್ ಅಂತ ಬರದೆ.